ಲೆಕ್ಕ ತೋರಿಸ್ರಿ, ದೊಡ್ಡಪ್ಪ

ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ 2016ರ ಚಳಿಗಾಲವನ್ನು ನಮ್ಮ ಕಡೆಯ ರೈತರು ಮರೆಯುವುದಿಲ್ಲ. ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಒಡೆದು ನಿಂತಿತ್ತು, ಬಿಡಿಸುವ ಹೆಣ್ಣಾಳುಗಳಿಗೆ ಕೊಡಲು ಕೈಯಲ್ಲಿ ರೊಕ್ಕವಿರಲಿಲ್ಲ. ಜಿನ್ನಿನವರು ಚೆಕ್ ಬರೆದುಕೊಡುತ್ತಿದ್ದರು, ಬ್ಯಾಂಕಿನ ಸಾಲು ಬೀದಿಗೆ ಬಂದಿತ್ತು. ನನಗೆ ಆ ಚಳಿಗಾಲ ನೆನಪಿರುವುದು ಬೇರೊಂದು ಕಾರಣಕ್ಕೆ. ಆ ವರ್ಷದ ಎಳ್ಳಮಾಸ್ಯೆಯ ದಿನ ನನ್ನ ತಂಗಿಯ ಮಗಳು ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ.

ಜೋಳದ ಸೀತನಿ ಸುಡುವ ಕಾಲಕ್ಕೆ ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ಕೂತಾಗ ಮನೆಯ ಹುಡುಗರು ಈ ಕಥೆ ಹೇಳಿಸುತ್ತಾರೆ. ಹೇಳುತ್ತಾ ಹೇಳುತ್ತಾ ಬರೆದಿಡಬೇಕು ಅನ್ನಿಸಿತು. "ಬರೀರಿ ಮಾಮಾ, ಮಂದಿ ಹೆಸರು ಬ್ಯಾಡ" ಎಂದು ಆಕೆಯೇ ಹೇಳಿದಳು. ಹಾಗಾಗಿ ಇಲ್ಲಿ ಮನೆಯವರ ಹೆಸರಿಲ್ಲ, ಮಿಲ್ಲಿನ ಹೆಸರಿಲ್ಲ. ನಡೆದದ್ದು ಮಾತ್ರ ಇದೆ.

ತಂಗಿಯನ್ನು ಕೊಟ್ಟದ್ದು ಶಹಾಪುರದ ಹತ್ತಿ ವ್ಯಾಪಾರದ ಮನೆಗೆ. ಆಕೆಯ ಮಾವನವರು ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಮುಂದೆ ತಾವೇ ಅಡತಿ ಇಟ್ಟು, ಕಡೆಗೆ ಊರ ಹೊರಗೆ ಎರಡು ಎಕರೆ ಜಾಗವನ್ನು ಎನ್.ಎ. (ಕೃಷಿಯೇತರ) ಮಾಡಿಸಿ ಜಿನ್ ಹಾಕಿದವರು. ನಾರಾಯಣಪುರ ಎಡದಂಡೆ ಕಾಲುವೆ ಬಂದು ಬಹಳಷ್ಟು ಹೊಲಗಳು ಭತ್ತಕ್ಕೆ ತಿರುಗಿದರೂ ನಮ್ಮ ಎರೆಮಣ್ಣು ಹತ್ತಿಯನ್ನು ಬಿಟ್ಟುಕೊಡಲಿಲ್ಲ. ಜಿನ್ನು ನೋಡದವರಿಗೆ ಒಂದು ಮಾತು: ರೈತ ತಂದ ಹತ್ತಿಯನ್ನು ಯಂತ್ರದ ರೋಲರು ಎಳೆದುಕೊಂಡು ಅರಳೆ ಒಂದು ಕಡೆ, ಕಾಳು ಇನ್ನೊಂದು ಕಡೆ ಮಾಡುತ್ತದೆ. ಕ್ವಿಂಟಲ್ ಹತ್ತಿಗೆ ಮೂರರಲ್ಲೊಂದು ಪಾಲು ಅರಳೆ, ಉಳಿದದ್ದು ಹೆಚ್ಚುಕಡಿಮೆ ಕಾಳು. ಅರಳೆಯನ್ನು ಒತ್ತಿ ಕಟ್ಟಿದರೆ 170 ಕಿಲೋ ತೂಗುವ ಬೇಲ್. ಸೀಜನ್ನಿನಲ್ಲಿ ಆ ಅಂಗಳದಲ್ಲಿ ನಿಂತರೆ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗುತ್ತಿತ್ತು. ಮಾವನವರು ಆ ಧೂಳಿನಲ್ಲೇ ಮುಪ್ಪಾದರು.

ಅವರ ಕಣ್ಣೆದುರೇ ಅಕ್ಕಪಕ್ಕದ ಮಿಲ್ಲುಗಳು ಅಣ್ಣತಮ್ಮಂದಿರ ಪಾಲಿನಲ್ಲಿ ಒಡೆದು ಹೋಗಿದ್ದವು. ಗೋಡೌನ್ ಒಬ್ಬನಿಗೆ, ಯಂತ್ರ ಇನ್ನೊಬ್ಬನಿಗೆ. ಎರಡೂ ಕೆಲಸಕ್ಕೆ ಬಾರದಂತಾಗಿದ್ದವು. ತಮ್ಮ ಮನೆಗೆ ಹಾಗಾಗಬಾರದೆಂದು 1999ರಲ್ಲಿ ಒಂದು ಕುಟುಂಬ ಟ್ರಸ್ಟ್ ಮಾಡಿದರು. ಮಿಲ್ಲಿನ ಜಾಗ, ಕಟ್ಟಡ ಮತ್ತು ಯಾದಗಿರಿಯ ಎರಡು ಮಳಿಗೆ ಅದಕ್ಕೆ ಸೇರಿದವು. ಎಲ್ಲ ಸ್ವಂತ ಗಳಿಕೆ. ಹೊಲ ಬೇರೆ, ಅದನ್ನು ಸೇರಿಸಲಿಲ್ಲ. ಸ್ಥಿರ ಆಸ್ತಿಯ ಟ್ರಸ್ಟ್ ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ, ಬರೆದು ನೋಂದಾಯಿಸಬೇಕು. ಅವರು ನೋಂದಾಯಿಸಿಯೇ ಮಾಡಿದರು. ಟ್ರಸ್ಟಿಗಳು ಇಬ್ಬರು: ಹಿರಿಯ ಮಗ ಮತ್ತು ಅವರ ಸ್ವಂತ ತಮ್ಮ. ಆದಾಯದಲ್ಲಿ ಅವರ ಹೆಂಡತಿಯ ಜೀವನಾಂಶ ಕಳೆದು ಉಳಿದದ್ದು ಇಬ್ಬರು ಗಂಡುಮಕ್ಕಳ ಸಂಸಾರಕ್ಕೆ ಸಮಪಾಲು. ನನ್ನ ಭಾವ ಕಿರಿಯ ಮಗ.

ಭಾವ 2003ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಹುಡುಗಿಗೆ ಆಗ ಎಂಟು ವರ್ಷ. ತಂಗಿ ಮಗಳನ್ನು ಕರೆದುಕೊಂಡು ಸುರಪುರಕ್ಕೆ, ನಮ್ಮ ಮನೆಗೆ ಬಂದಳು. ಶಹಾಪುರದ ಸಂಬಂಧ ಕಡಿಯಲಿಲ್ಲ. ಹಬ್ಬಕ್ಕೆ ಸೀರೆ ಬರುತ್ತಿತ್ತು, ಶಾಲೆಯ ಫೀಸು ಬರುತ್ತಿತ್ತು, ತಂಗಿಗೆ ಆಪರೇಷನ್ ಆದಾಗ ಹಿರಿಯ ಭಾವ ತಾವೇ ಆಸ್ಪತ್ರೆಗೆ ಬಂದು ಬಿಲ್ಲು ಕಟ್ಟಿದರು. ಆ ಮನುಷ್ಯ ಕೆಟ್ಟವರಲ್ಲ, ಇದನ್ನು ಹುಡುಗರಿಗೆ ಪ್ರತಿ ಸಲವೂ ಹೇಳುತ್ತೇನೆ. ಬರಗಾಲದಲ್ಲೂ ಮಿಲ್ಲು ನಡೆಸಿದರು. ಆದರೆ ಕೊಟ್ಟದ್ದೆಲ್ಲ ತಮ್ಮ ಕೈಯಿಂದ ಕೊಟ್ಟಂತೆ ಕೊಟ್ಟರು. ಅದರಲ್ಲಿ ಟ್ರಸ್ಟಿನ ದುಡ್ಡೆಷ್ಟು, ತಮ್ಮದೆಷ್ಟು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿಗೆ ಹದಿನೆಂಟು ತುಂಬಿದಾಗಲೂ ಯಾರಿಗೂ ಅದು ನೆನಪಾಗಲಿಲ್ಲ.

2015ರಲ್ಲಿ ಮಳೆ ಕೈಕೊಟ್ಟಿತು. ಜಿನ್ನು ನಡೆಸುತ್ತಿದ್ದುದು ಟ್ರಸ್ಟ್ ಅಲ್ಲ, ಒಂದು ಪಾಲುದಾರಿಕೆ ಫರ್ಮ್. ಹಿರಿಯ ಭಾವ, ಅವರ ಹೆಂಡತಿ, ಹೆಂಡತಿಯ ತಮ್ಮ, ಈ ಮೂವರು ಪಾಲುದಾರರು. ಫರ್ಮಿಗೆ ಬ್ಯಾಂಕಿನಲ್ಲಿ ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲವಿತ್ತು. ಮಾಲು ಕಡಿಮೆಯಾಯಿತು, ಬಡ್ಡಿ ಏರಿತು, ಭಾವ ಭಾಮೈದರ ನಡುವೆ ಮಾತು ಬೆಳೆಯಿತು. ಭಾಮೈದ ಹೊರಗೆ ಹೋಗುತ್ತೇನೆಂದ. ಹಾಕಿದ ಬಂಡವಾಳ ವಾಪಸ್ ಕೊಡಿ, ಇಲ್ಲವೇ ಮಿಲ್ಲಿನ ಜಾಗ ನನ್ನ ಹೆಸರಿಗೆ ಮಾಡಿ ಎಂದು ಪಟ್ಟು ಹಿಡಿದ. ಜಗಳ ಅವರಿಬ್ಬರದು. ಕೊಡಬೇಕೆಂದದ್ದು ಟ್ರಸ್ಟಿನ ಜಾಗ.

ಇನ್ನು ಎಳ್ಳಮಾಸ್ಯೆಯ ಮಾತು. ಕಲಬುರಗಿ, ಯಾದಗಿರಿ ಕಡೆ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ತಂಗಿಯ ಅತ್ತೆ ಹಟ ಮಾಡಿ ನಮ್ಮನ್ನೂ ಕರೆಸಿದ್ದರು. ಕಡಲೆ ಹೂವಾಡುತ್ತಿತ್ತು, ಜೋಳ ತೆನೆ ಹಿರಿದಿತ್ತು. ಚರಗ ಚೆಲ್ಲಿ ಬಂದು ಬನ್ನಿಗಿಡದ ನೆರಳಿಗೆ ಜಮಖಾನ ಹಾಸಿ ಊಟಕ್ಕೆ ಕೂತೆವು. ಸಜ್ಜೆರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಊಟ ಮುಗಿದು ಹೆಂಗಸರು ಬುತ್ತಿ ಕಟ್ಟುವ ಹೊತ್ತಿಗೆ ಹಿರಿಯ ಭಾವ ಕಾರಿನಿಂದ ಒಂದು ಫೈಲು ತಂದರು.

"ಯವ್ವಾ, ಬಾ ಇಲ್ಲಿ. ಬ್ಯಾಂಕಿನವ್ರು ಒಂದು ಸಣ್ಣ ಕಾಗದ ಕೇಳ್ಯಾರ. ಇಲ್ಲೊಂದು, ಹಿಂದಿನ ಪುಟಕ್ಕೊಂದು ಸಹಿ ಹಾಕು."

ಬಾಂಡ್ ಪೇಪರಿನ ಮೇಲೆ ಟೈಪು ಮಾಡಿದ ಎರಡು ಹಾಳೆ. ಕೆಳಗೆ ಅಜ್ಜಿಯ ಹೆಬ್ಬೆಟ್ಟು ಆಗಲೇ ಬಿದ್ದಿತ್ತು, ಮಸಿ ಅಂಚಿಗೆ ಹರಡಿಕೊಂಡಿತ್ತು. ಹುಡುಗಿ ಬಿ.ಕಾಂ. ಕಡೆಯ ವರ್ಷದಲ್ಲಿದ್ದಳು. ಪೆನ್ನು ತೆಗೆದುಕೊಳ್ಳಲಿಲ್ಲ, ಹಾಳೆ ತೆಗೆದುಕೊಂಡಳು. ನಿಂತೇ ಓದಿದಳು. ಎರಡನೆಯ ಪುಟ ಓದಿ ಮತ್ತೆ ಮೊದಲನೆಯದಕ್ಕೆ ಹೋದಳು.

"ಓದಿ ಹಾಕ್ತೀನ್ರಿ ದೊಡ್ಡಪ್ಪ. ಇದರದೊಂದು ಝೆರಾಕ್ಸ್ ಕೊಡ್ರಿ. ಟ್ರಸ್ಟಿನ ಬಾಡಿಗಿ ಲೆಕ್ಕಾನೂ ಒಂದೀಟು ತೋರಿಸ್ರಿ."

ಬುತ್ತಿ ಕಟ್ಟುತ್ತಿದ್ದ ಕೈಗಳು ನಿಂತವು. "ನನ್ನ ಮ್ಯಾಲ ಭರೋಸಾ ಇಲ್ಲೇನು ನಿನಗ?" ಎಂದರು ಹಿರಿಯ ಭಾವ. ದನಿ ಏರಿರಲಿಲ್ಲ, ನೊಂದಿತ್ತು. "ಭರೋಸಾ ಅದರಿ, ದೊಡ್ಡಪ್ಪ. ಮನಿ ಮಗಳಂತ ಕೇಳಲಾಕತ್ತೀನಿ, ಲೆಕ್ಕ ತೋರಿಸ್ರಿ." ಅವರ ಹೆಂಡತಿ ನಡುವೆ ಬಾಯಿ ಹಾಕಿದರು: "ಉಂಡ ಮನಿ ಜಂತಿ ಎಣಿಸಬಾರದು ತಂಗಿ." ನನ್ನ ತಂಗಿ ಕಣ್ಣೀರು ಒರೆಸಿಕೊಂಡಳು. ನಾನು, ಹಿರಿಯನೆಂದು ಕೂತವನು, ಫೈಲನ್ನು ಹುಡುಗಿಯ ಕೈಯಿಂದ ಇಸಿದುಕೊಂಡು, "ಎರಡು ದಿನ ಕೊಡ್ರಿ ಭಾವಾ" ಎಂದೆ. ಅವರು ಫೈಲನ್ನು ನನ್ನ ಕೈಯಿಂದ ಮರಳಿ ತೆಗೆದುಕೊಂಡರು. ಆದರೆ ಆಕೆ ಓದಿದ್ದು ಆಕೆಯ ತಲೆಯಲ್ಲಿತ್ತು. ಸಂಜೆ ಸುರಪುರದ ಬಸ್ಸಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಮೂರು ಅಂಶ ಬರೆದಳು: ಮಿಲ್ಲಿನ ಜಾಗ ಪಾಲುದಾರನಿಗೆ ಮಾರಲು ಒಪ್ಪಿಗೆ. ಇಲ್ಲಿಯವರೆಗಿನ ನನ್ನ ಪಾಲು ಪೂರ್ತಿ ಮುಟ್ಟಿದೆ. ಟ್ರಸ್ಟಿನ ಲೆಕ್ಕದ ಬಗ್ಗೆ ನನ್ನದೇನೂ ತಕರಾರಿಲ್ಲ.

ಆ ರಾತ್ರಿ ತಂಗಿ ನನ್ನೆದುರು ಕೂತು, "ಅಣ್ಣಾ, ಸಹಿ ಮಾಡಿಸಿಬಿಡು. ನಾಳೆ ಇವಳ ಮದುವಿಗೆ ಅವರೇ ಮುಂದ ನಿಲ್ಲಬೇಕು" ಎಂದಳು. ಗಂಡ ಸತ್ತ ಹೆಣ್ಣುಮಗಳ ಲೆಕ್ಕಾಚಾರ ಅದು, ತಪ್ಪೆನ್ನಲಾರೆ. ಉತ್ತರ ಕೊಟ್ಟದ್ದು ಹುಡುಗಿ: "ಅವ್ವಾ, ನಾನು ಪಾಲು ಕೇಳಿಲ್ಲ. ಲೆಕ್ಕ ಕೇಳೀನಿ."

ಸುರಪುರದವನಾಗಿ, ಇತಿಹಾಸ ಪಾಠ ಹೇಳಿ ನಿವೃತ್ತನಾದವನಾಗಿ ನನಗೆ ಆಗ ನೆನಪಾದದ್ದು ಗುಡ್ಡದ ಮೇಲಿನ ಟೇಲರ್ ಮಂಜಿಲ್. 1841ರಲ್ಲಿ ಕ್ಯಾಪ್ಟನ್ ಮೆಡೋಸ್ ಟೇಲರ್ ಇಲ್ಲಿಗೆ ಬಂದಾಗ ಸಂಸ್ಥಾನದ ವಾರಸುದಾರ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಅಧಿಕಾರ ತನ್ನ ಕೈಯಲ್ಲಿರಬೇಕೆನ್ನುವ ಚಿಕ್ಕಪ್ಪ ಇನ್ನೊಂದು ಕಡೆ, ನಿಜಾಮರಿಗೆ ಸಲ್ಲಬೇಕಾದ ಹಣ ಮೂರನೆಯ ಕಡೆ. ಹುಡುಗ ಪ್ರಾಪ್ತನಾಗುವವರೆಗೆ ಟೇಲರ್ ಆಡಳಿತ ನೋಡಿ 1853ರಲ್ಲಿ ಅವನ ಕೈಗೊಪ್ಪಿಸಿದ. ಟೇಲರ್ ಕಂಪನಿಯ ಮನುಷ್ಯ, ಕಂಪನಿಯ ಹಿತ ಬಿಟ್ಟು ನಡೆದವನಲ್ಲ. ಐದೇ ವರ್ಷಕ್ಕೆ, 1858ರಲ್ಲಿ, ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ. ಸಂಸ್ಥಾನವೂ ಉಳಿಯಲಿಲ್ಲ. ಆದರೂ ಇನ್ನೊಬ್ಬರ ಆಸ್ತಿ ಕೈಯಲ್ಲಿಟ್ಟುಕೊಂಡವನು ಒಂದು ದಿನ ಅದನ್ನು ಒಡೆಯನೆದುರು ಎಣಿಸಿ ಇಡಬೇಕು ಎಂಬ ಸಂಗತಿ ನಮ್ಮ ಊರಿಗೆ ಹೊಸದಲ್ಲ. ರಾಜನಿಗೆ ಸಲ್ಲುವುದು ನನ್ನ ಸೋದರಸೊಸೆಗೆ ಯಾಕೆ ಸಲ್ಲಬಾರದು ಎನ್ನಿಸಿತು. ಮರುದಿನವೇ ಹೊರಟೆವು.

ಮೊದಲು ಹೋದದ್ದು ಶಹಾಪುರದ ಸಬ್ ರಿಜಿಸ್ಟ್ರಾರ್ ಕಚೇರಿಗೆ. ಇದು ಬಹಳ ಮಂದಿಗೆ ಗೊತ್ತಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಸ್ಥಿರ ಆಸ್ತಿಯ ನೋಂದಾಯಿತ ಪತ್ರಗಳು 1ನೇ ಪುಸ್ತಕದಲ್ಲಿ ದಾಖಲಾಗುತ್ತವೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಆ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ದೊಡ್ಡಪ್ಪನ ಅಪ್ಪಣೆ ಬೇಕಿಲ್ಲ. ಹಳೆಯ ಸೂಚಿ ತಿರುವಿಸಿ, ಅರ್ಜಿ ಕೊಟ್ಟು, 1999ರ ಟ್ರಸ್ಟ್ ಪತ್ರದ ನಕಲು ಪಡೆದೆವು. ಹುಡುಕುತ್ತಿರುವಾಗ ಅದೇ ಆಸ್ತಿಯ ಮೇಲೆ ಇನ್ನೊಂದು ಪತ್ರ ಸಿಕ್ಕಿತು. 2001ರ ಗುತ್ತಿಗೆ ಕರಾರು. ಟ್ರಸ್ಟ್ ತನ್ನ ಮಿಲ್ಲಿನ ಜಾಗ, ಕಟ್ಟಡವನ್ನು ಫರ್ಮಿಗೆ 30 ವರ್ಷಕ್ಕೆ ಕೊಟ್ಟಿತ್ತು. ಬಾಡಿಗೆ ತಿಂಗಳಿಗೆ ಆರು ಸಾವಿರ. ಏರಿಕೆಯ ಮಾತೇ ಇಲ್ಲ. ಕೊಟ್ಟವರ ಜಾಗದಲ್ಲಿ ಹಿರಿಯ ಭಾವನ ಸಹಿ, ತೆಗೆದುಕೊಂಡವರ ಜಾಗದಲ್ಲೂ ಅವರದೇ ಸಹಿ. ಹುಡುಗಿ ಎರಡು ಸಹಿಯನ್ನೂ ಬೆರಳಿಟ್ಟು ನೋಡಿದಳು. ಬಾಲ ಸುತ್ತಿದ ಅದೇ ಅಕ್ಷರ, ಎರಡು ಕಡೆ.

ಯಾದಗಿರಿಯ ಹಿರಿಯ ವಕೀಲರೊಬ್ಬರ ಬಳಿ ಹೋದೆವು. ಯಾದಗಿರಿ ಜಿಲ್ಲೆಯಾದದ್ದು 2009ರ ಕಡೆಯಲ್ಲಿ. ಅದಕ್ಕೆ ಮುಂಚೆ ಇಂಥ ಕೆಲಸಕ್ಕೆ ಗುಲಬರ್ಗಾಕ್ಕೇ ಓಡಬೇಕಿತ್ತು. ಭೀಮಾ ಸೇತುವೆ ದಾಟಿ, ಕೋಟೆಗುಡ್ಡ ಕಾಣುವ ಹೊತ್ತಿಗೆ ಹುಡುಗಿ ಕೇಳಿದ್ದಳು: "ಮಾಮಾ, ಲೆಕ್ಕ ಕೇಳೋ ಹಕ್ಕು ನನಗ ಖರೇ ಅದೇನು?" ವಕೀಲರು ಎರಡೂ ಪತ್ರ ಓದಿ, ಕನ್ನಡಕ ತೆಗೆದಿಟ್ಟು, ಆಕೆಗೇ ಹೇಳಿದರು, ನನಗಲ್ಲ.

"ತಾಯಿ, 1882ರ ಭಾರತೀಯ ಟ್ರಸ್ಟ್ ಕಾಯ್ದೆ ನಿಮ್ಮಂಥವರ ಸಲುವಾಗೇ ಅದ. 19ನೇ ಕಲಮು ಟ್ರಸ್ಟಿಗೆ ಹೇಳ್ತದ: ಸ್ಪಷ್ಟ ಲೆಕ್ಕ ಇಡು, ಹಕ್ಕುದಾರ ಕೇಳಿದಾಗ ಪೂರ್ತಿ ಮಾಹಿತಿ ಕೊಡು. 57ನೇ ಕಲಮು ನಿಮಗ ಹೇಳ್ತದ: ಟ್ರಸ್ಟ್ ಪತ್ರ, ಆಸ್ತಿ ಕಾಗದ, ಲೆಕ್ಕ, ಲೆಕ್ಕದ ಹಿಂದಿನ ವೋಚರು ಎಲ್ಲಾ ನೋಡ್ರಿ, ನಕಲು ತಗೋರಿ. ಟ್ರಸ್ಟ್ ನಡೆಸಲಿಕ್ಕೆ ಟ್ರಸ್ಟಿ ವಕೀಲರಿಂದ ಸಲಹಾ ಪತ್ರ ತಗೊಂಡಿದ್ರ ಅದನ್ನೂ ನೋಡಬಹುದು. ನೀವು ಯಾರ ಹತ್ರಾನೂ ಬೇಡಲಾಕತ್ತಿಲ್ಲ."

ನೋಟಿಸು ಹೋಯಿತು. ಉತ್ತರ ಬಂತು. ಮುಖ್ಯ ಉತ್ತರ ಇದು: ಆಕೆ ಫರ್ಮಿನ ಪಾಲುದಾರಳಲ್ಲ, ವ್ಯಾಪಾರದ ಲೆಕ್ಕ ತೋರಿಸುವುದಿಲ್ಲ. ಇದರಲ್ಲಿ ಅರ್ಧ ಸತ್ಯವಿತ್ತು, ವಕೀಲರು ಅದನ್ನು ಮುಚ್ಚಿಡಲಿಲ್ಲ. ಫರ್ಮಿನ ಕಿರ್ದಿ, ಖತಾವಣಿ ನೋಡುವ ಹಕ್ಕು 1932ರ ಪಾಲುದಾರಿಕೆ ಕಾಯ್ದೆ ಪಾಲುದಾರರಿಗೆ ಕೊಟ್ಟದ್ದು. ಹತ್ತಿ ಯಾವ ದರಕ್ಕೆ ಕೊಂಡಿರಿ, ಅರಳೆ ಯಾರಿಗೆ ಮಾರಿದಿರಿ ಎಂದು ಕೇಳಲು ಹುಡುಗಿಗೆ ಬರುವುದಿಲ್ಲ. ಆದರೆ ಟ್ರಸ್ಟಿನ ಜಾಗಕ್ಕೆ ಫರ್ಮ್ ಎಷ್ಟು ಕೊಟ್ಟಿತು, ಎಷ್ಟು ಕೊಡಬೇಕಿತ್ತು, ಅದು ಟ್ರಸ್ಟಿನ ಲೆಕ್ಕ. ಅದು ಆಕೆಯ ಲೆಕ್ಕ. ವ್ಯಾಪಾರದ ಮನೆಗಳಲ್ಲಿ ಈ ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ಒಂದೇ ಬೀಗ ಹಾಕುತ್ತಾರೆ. ಹೆಣ್ಣುಮಕ್ಕಳು ಸೋಲುವುದು ಆ ಬೀಗದ ಎದುರೇ.

ಗುತ್ತಿಗೆ ಕರಾರಿನ ಮಾತು ಇನ್ನೂ ಗಟ್ಟಿ. ಟ್ರಸ್ಟ್ ಕಾಯ್ದೆಯ 36ನೇ ಕಲಮಿನ ಪ್ರಕಾರ ಜಿಲ್ಲಾ ನ್ಯಾಯಾಲಯದ ಅನುಮತಿ ಇಲ್ಲದೆ ಟ್ರಸ್ಟಿ 21 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಕೊಡುವಂತಿಲ್ಲ, ನ್ಯಾಯವಾಗಿ ಸಿಗಬಹುದಾದ ಉತ್ತಮ ಬಾಡಿಗೆ ಬಿಟ್ಟು ಕಡಿಮೆಗೆ ಕೊಡುವಂತಿಲ್ಲ. ಇಲ್ಲಿ 30 ವರ್ಷ, ಆರು ಸಾವಿರ. ಅದೇ ರಸ್ತೆಯಲ್ಲಿ ಇಷ್ಟೇ ಜಾಗದ ಗೋಡೌನಿಗೆ 2016ರಲ್ಲಿ ನಲವತ್ತು ಸಾವಿರ ಬರುತ್ತಿತ್ತು. 51ನೇ ಕಲಮು: ಟ್ರಸ್ಟಿ ಟ್ರಸ್ಟಿನ ಆಸ್ತಿಯನ್ನು ತನ್ನ ಲಾಭಕ್ಕೆ ಬಳಸಬಾರದು. ಹಿರಿಯ ಭಾವ ಫೀಸು, ಆಸ್ಪತ್ರೆ ಎಲ್ಲ ಸೇರಿಸಿ, ಆರು ಸಾವಿರದ ಅರ್ಧಕ್ಕಿಂತ ಹೆಚ್ಚೇ ಕೊಟ್ಟಿದ್ದೇನೆ ಎಂದರು. ನಿಜವೇ. ಅಳತೆಯ ಸೇರೇ ಚಿಕ್ಕದಾಗಿದ್ದರೆ ತುಂಬಿಸಿ ಕೊಟ್ಟರೂ ಕಾಳು ಕಡಿಮೆಯೇ.

ಇಲ್ಲಿಗೆ ಬಂದಾಗ ಹುಡುಗರು ಕೇಳುತ್ತಾರೆ: "ಅಕ್ಕ ಅವತ್ತು ಸಹಿ ಹಾಕಿದ್ರ ಏನಾಗ್ತಿತ್ತು?" ಕಥೆಯ ಗಂಟು ಇರುವುದು ಅಲ್ಲೇ. 23ನೇ ಕಲಮಿನಂತೆ ಟ್ರಸ್ಟಿ ತಪ್ಪು ಮಾಡಿ ನಷ್ಟ ಮಾಡಿದರೆ ತುಂಬಿಕೊಡಬೇಕು. ಆದರೆ ಹಕ್ಕುದಾರ ಪ್ರಾಪ್ತವಯಸ್ಕನಾಗಿದ್ದು, ಒತ್ತಾಯವಿಲ್ಲದೆ ಆ ತಪ್ಪಿಗೆ ಒಪ್ಪಿದ್ದರೆ, ಅಥವಾ ಸಂಗತಿಯೂ ತನ್ನ ಹಕ್ಕೂ ಪೂರ್ತಿ ಗೊತ್ತಿದ್ದು ಆಮೇಲೆ ಸುಮ್ಮನಿದ್ದುಬಿಟ್ಟರೆ, ತುಂಬಿಕೊಡು ಎನ್ನಲು ಬಾಯಿ ಇರುವುದಿಲ್ಲ. ಆಕೆಗೆ 21 ವರ್ಷ, ಓದಿದವಳು. "ಲೆಕ್ಕದ ಬಗ್ಗೆ ತಕರಾರಿಲ್ಲ" ಎಂಬ ಸಾಲಿನ ಕೆಳಗೆ ಹೆಸರು ಬರೆದಿದ್ದರೆ ಹದಿನೈದು ವರ್ಷದ ಲೆಕ್ಕ ಆ ಜಮಖಾನದ ಮೇಲೆಯೇ ಮುಗಿಯುತ್ತಿತ್ತು. ಅಜ್ಜಿಯ ಹೆಬ್ಬೆಟ್ಟಿಗೆ ಆ ಬಲ ಇರಲಿಲ್ಲ, ಅದರಲ್ಲೇನಿದೆ ಎಂದು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಹಳೆಯದಕ್ಕೆಲ್ಲ ಅವಧಿ ಮೀರಿದೆ ಎಂದೂ ಆ ಕಡೆಯವರು ಬರೆದಿದ್ದರು. 1963ರ ಕಾಲಮಿತಿ ಕಾಯ್ದೆಯ 10ನೇ ಕಲಮು ಅದಕ್ಕೆ ಅಡ್ಡ ನಿಂತಿತು: ನಿರ್ದಿಷ್ಟ ಉದ್ದೇಶಕ್ಕೆ ಟ್ರಸ್ಟಿಯ ಕೈಗೆ ಬಂದ ಆಸ್ತಿಯನ್ನು ಅವನಿಂದ ಮರಳಿ ಪಡೆಯಲು, ಅದರ ಲೆಕ್ಕ ಕೇಳಲು ಅವಧಿಯ ಅಡ್ಡಿ ಇಲ್ಲ. ಫರ್ಮಿನ ಕರಾರಿನಲ್ಲೂ ಟ್ರಸ್ಟ್ ಪತ್ರದಲ್ಲೂ ಪಂಚಾಯ್ತಿದಾರರಿಂದ ತೀರ್ಮಾನ ಎಂಬ ಷರತ್ತಿತ್ತು. ಆ ಪಂಚರು ಯಾರ ಊಟ ಉಂಡವರಾಗುತ್ತಿದ್ದರು ಎಂಬುದು ನಮಗೆ ಗೊತ್ತಿತ್ತು. ನಮ್ಮ ಪುಣ್ಯಕ್ಕೆ 2016ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ವಿಮಲ್ ಕಿಶೋರ್ ಶಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅದೂ ಒಂದು ಕುಟುಂಬ ಟ್ರಸ್ಟಿನ ಜಗಳ, 1983ರ ಪತ್ರ. ಟ್ರಸ್ಟ್ ಪತ್ರಕ್ಕೆ ಹಕ್ಕುದಾರರು ಸಹಿ ಹಾಕಿದವರಲ್ಲ, ಆದ್ದರಿಂದ ಅದರೊಳಗಿನ ಮಧ್ಯಸ್ಥಿಕೆ ಷರತ್ತು ಅವರ ನಡುವಿನ ಒಪ್ಪಂದವಾಗುವುದಿಲ್ಲ. ಟ್ರಸ್ಟ್ ಕಾಯ್ದೆಯಲ್ಲೇ ಪರಿಹಾರವಿದೆ, ನ್ಯಾಯಾಲಯಕ್ಕೇ ಹೋಗಬೇಕು ಎಂದಿತ್ತು. ವಕೀಲರು ಆ ತೀರ್ಪಿನ ಪ್ರಿಂಟು ತೋರಿಸಿದಾಗ ಹುಡುಗಿ ಮೊದಲ ಸಲ ನಕ್ಕಳು.

ಆದರೂ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಭಾಮೈದನ ಬಗ್ಗೆ. ಕೋರ್ಟು ತೆರೆಯುವಷ್ಟರಲ್ಲಿ ಜಾಗ ಬರೆಸಿಕೊಂಡರೆ? ಟ್ರಸ್ಟ್ ಕಾಯ್ದೆಯ 63ನೇ ಕಲಮಿನಂತೆ ಟ್ರಸ್ಟಿನ ಆಸ್ತಿ ಮೂರನೆಯವರ ಕೈಗೆ ಹೋದರೂ ಬೆನ್ನಟ್ಟಿ ಹೋಗಬಹುದು. ಆದರೆ ಟ್ರಸ್ಟಿನ ಸುದ್ದಿಯೇ ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವನಿಗೆ 64ನೇ ಕಲಮು ರಕ್ಷಣೆ ಕೊಡುತ್ತದೆ. ಟ್ರಸ್ಟಿಯಾದ ಪಾಲುದಾರ ಟ್ರಸ್ಟಿನ ಆಸ್ತಿಯನ್ನು ಫರ್ಮಿಗೆ ತಪ್ಪಾಗಿ ಬಳಸಿದರೆ ಉಳಿದ ಪಾಲುದಾರರು ಸ್ವಂತ ಹೊಣೆಯಾಗುವುದೂ ಅವರಿಗೆ ಆ ತಪ್ಪು ತಿಳಿದಿದ್ದರೆ ಮಾತ್ರ, ಇದು 67ನೇ ಕಲಮು. ಅಂದರೆ ಎಲ್ಲವೂ ನಿಂತಿದ್ದು "ನನಗೆ ಗೊತ್ತಿರಲಿಲ್ಲ" ಎಂಬ ಮಾತಿನ ಮೇಲೆ. ವಕೀಲರು ಆ ಮಾತನ್ನು ಅವರ ಬಾಯಿಂದ ಕಸಿದುಕೊಂಡರು. ಭಾಮೈದನಿಗೆ, ಹಿರಿಯ ಭಾವನ ಹೆಂಡತಿಗೆ, ಬ್ಯಾಂಕಿಗೆ ರಿಜಿಸ್ಟರ್ಡ್ ನೋಟಿಸು. ದಿನಪತ್ರಿಕೆಯಲ್ಲಿ ಬೆರಳಗಲದ ಸಾರ್ವಜನಿಕ ಪ್ರಕಟಣೆ. ಪತ್ರಿಕೆ ಬಂದ ದಿನ ಶಹಾಪುರದ ಚಹಾದಂಗಡಿಯಲ್ಲೆಲ್ಲ ಅದೇ ಮಾತು. ಮನೆತನದ ಮರ್ಯಾದೆ ಬೀದಿಗೆ ಬಂತು ಎಂದು ಸಂಬಂಧಿಕರು ಫೋನು ಮಾಡಿ ತಂಗಿಯನ್ನು ಅಳಿಸಿದರು. ಅದೇ ಬೆರಳಗಲದ ಪ್ರಕಟಣೆ ಎರಡು ಎಕರೆ ಜಾಗವನ್ನು ಉಳಿಸಿತು, ಬ್ಯಾಂಕು ಮಾರಾಟದ ಮಾತಿನಿಂದ ಹಿಂದೆ ಸರಿಯಿತು.

ಟ್ರಸ್ಟಿ ಬದಲಾವಣೆಯ ಕೋರಿಕೆಯೂ ಇದ್ದುದರಿಂದ ಯಾದಗಿರಿಯ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿದೆವು. ಕೇಳಿದ್ದು ಇಷ್ಟು: ಮಾರಾಟಕ್ಕೆ ತಡೆ, ಟ್ರಸ್ಟಿನ ಲೆಕ್ಕ, ಗುತ್ತಿಗೆ ರದ್ದು, ಹೊಸ ಟ್ರಸ್ಟಿಗಳು. ತಡೆಯಾಜ್ಞೆ ಸಿಕ್ಕಿತು. ಆಮೇಲೆ ತಾರೀಕು, ಮತ್ತೆ ತಾರೀಕು. ಅದನ್ನೆಲ್ಲ ಹೇಳುವುದಿಲ್ಲ, ಕೋರ್ಟಿಗೆ ಅಲೆದವರಿಗೆ ಗೊತ್ತಿದೆ.

ಒಂದು ದಿನದ್ದು ಹೇಳಲೇಬೇಕು. ಲೆಕ್ಕ ಹಾಜರುಪಡಿಸಿ ಎಂದು ಆದೇಶವಾದ ಮೇಲೆ ಮಿಲ್ಲಿನ ಹಳೆಯ ಗುಮಾಸ್ತರು ಕೆಂಪು ಬಟ್ಟೆಯಲ್ಲಿ ಸುತ್ತಿದ ವಹಿಗಳನ್ನು ತಂದರು. ಮಾವನವರ ಕಾಲದಿಂದ ಇದ್ದವರು, ಕೈ ನಡುಗುತ್ತಿತ್ತು. ಟ್ರಸ್ಟಿನ ಖಾತೆ ತೆಗೆದರೆ ಯಾದಗಿರಿಯ ಮಳಿಗೆಗಳ ಬಾಡಿಗೆ ತಿಂಗಳು ತಿಂಗಳೂ ಜಮಾ, ಮರುದಿನವೇ "ಫರ್ಮಿಗೆ ಕೈಗಡ" ಎಂದು ಖರ್ಚು. ವರ್ಷಗಟ್ಟಲೆ ಹಾಗೆಯೇ. ಬಡ್ಡಿಯ ಕಲಮೇ ಇಲ್ಲ. ಟ್ರಸ್ಟಿಯೊಬ್ಬ ಟ್ರಸ್ಟಿನ ಹಣವನ್ನು ತನ್ನದೇ ಭರವಸೆಯ ಮೇಲೆ ತನಗೇ ಸಾಲ ಕೊಟ್ಟುಕೊಳ್ಳಬಾರದೆಂದು ಕಾಯ್ದೆ ಇದೆ. ಗುಮಾಸ್ತರು ಅದನ್ನು ಓದಿದವರಲ್ಲ. ಆದರೆ ಒಂದು ಕಂತನ್ನೂ ಮುಚ್ಚಿಡದೆ, ದುಂಡಗಿನ ಅಕ್ಷರದಲ್ಲಿ, ದಿನಾಂಕ ಸಮೇತ ಬರೆದಿಟ್ಟಿದ್ದರು. "ಸಾಹುಕಾರ್ರು ಹೇಳಿದ್ರು, ಬರದೀನಿ. ಹೇಳದಿದ್ದದ್ದು ಬರದಿಲ್ಲ" ಎಂದಷ್ಟೇ ಅಂದರು. ಆ ಮುದುಕರ ಅಕ್ಷರಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಇನ್ನೊಬ್ಬ ಟ್ರಸ್ಟಿ, ಅಂದರೆ ಮಾವನವರ ತಮ್ಮ, ತಾನು ಏನೂ ಮಾಡಿಲ್ಲ, ಅಣ್ಣನ ಮಗ ಹೇಳಿದಲ್ಲಿ ಸಹಿ ಹಾಕಿದ್ದೇನೆ ಎಂದು ಅತ್ತರು. ಜೊತೆಯವನು ಏನು ಮಾಡುತ್ತಿದ್ದಾನೆಂದು ಕೇಳದೆ ಆಸ್ತಿ ಅವನ ಕೈಯಲ್ಲೇ ಬಿಟ್ಟ ಟ್ರಸ್ಟಿಯೂ ಹೊಣೆಯಿಂದ ತಪ್ಪಿಸಿಕೊಳ್ಳಲಾರ ಎಂದು ವಕೀಲರು ಹೇಳಿದಾಗ ಎಪ್ಪತ್ತೈದು ದಾಟಿದ ಆ ಅಜ್ಜ ಕುಸಿದು ಕೂತರು. ಹುಡುಗಿ ಹೋಗಿ ನೀರು ಕೊಟ್ಟಳು. ರಾಜಿಯ ದಾರಿ ಶುರುವಾದದ್ದು ಆ ನೀರಿನ ಲೋಟದಿಂದ ಎಂದು ನಾನು ನಂಬಿದ್ದೇನೆ.

ಹೊಸ ಟ್ರಸ್ಟಿಯಾಗಿ ತಂಗಿಯ ಹೆಸರು ಸೂಚಿಸಿದಾಗ ಆ ಕಡೆಯ ವಕೀಲರು 60ನೇ ಕಲಮು ತೆಗೆದರು. ಟ್ರಸ್ಟಿಯಾಗಲು ತಕ್ಕವರಲ್ಲದವರ ಪಟ್ಟಿಯಲ್ಲಿ, ವೈಯಕ್ತಿಕ ಕಾನೂನು ಒಪ್ಪದಿದ್ದರೆ, ಮದುವೆಯಾದ ಹೆಂಗಸು ಎಂದೂ ಇದೆ. ಅಪ್ರಾಪ್ತ ಬಾಲಕನ ಪಕ್ಕದಲ್ಲೇ ಆಕೆಯನ್ನು ಕೂರಿಸಿದ್ದಾರೆ. 1882ರ ಸಾಲು ಅದು. ಕೇಳಿ ನನಗೆ ಮೈ ಉರಿದುಹೋಯಿತು. ತಂಗಿ ವಿಧವೆ, ಹಿಂದೂ ಕಾನೂನು ಆಕೆಯನ್ನು ತಡೆಯುವುದಿಲ್ಲ, ಆಕ್ಷೇಪ ನಿಲ್ಲಲಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇದೆ: ಹಕ್ಕುದಾರರ ಹಿತಕ್ಕೆ ವಿರುದ್ಧವಾದ ಹಿತ ಉಳ್ಳವನು. ಬಾಡಿಗೆ ಕೊಡಬೇಕಾದವನೂ ಪಡೆಯಬೇಕಾದವನೂ ತಾನೇ ಆದ ಮನುಷ್ಯನಿಗೆ ಅದು ಸರಿಯಾಗಿ ಹೊಂದುತ್ತಿತ್ತು.

2018ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಹಿರಿಯ ಭಾವ ಟ್ರಸ್ಟಿ ಸ್ಥಾನ ಬಿಟ್ಟರು, ಮಿಲ್ಲು ಬಿಡಲಿಲ್ಲ. ಯಾರೂ ಬಿಡಿ ಎನ್ನಲೂ ಇಲ್ಲ, ಹತ್ತಿಯ ಗುಣ ಅಂಗೈಯಲ್ಲಿ ಹಿಚುಕಿ ಹೇಳುವವರು ಆ ಮನೆಯಲ್ಲಿ ಅವರೊಬ್ಬರೇ. ತಂಗಿ ಮತ್ತು ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ನೆಂಟರೊಬ್ಬರು ಹೊಸ ಟ್ರಸ್ಟಿಗಳಾದರು. ಹಳೆಯ ಗುತ್ತಿಗೆ ರದ್ದಾಗಿ ಹೊಸ ಬಾಡಿಗೆ ಕುದುರಿತು, ವರ್ಷವರ್ಷ ಏರಿಕೆ ಸಮೇತ. ಹಿಂದಿನ ಕೊರತೆಗೂ ಕೈಗಡಕ್ಕೂ ಸೇರಿಸಿ ಒಂದು ಮೊತ್ತ ಒಪ್ಪಿ ನಾಲ್ಕು ಕಂತು ಮಾಡಿದರು. ಭಾಮೈದ ಫರ್ಮಿನ ಸ್ವಂತ ಆಸ್ತಿಯಿಂದಲೇ ತನ್ನ ಬಂಡವಾಳ ಪಡೆದು ಹೊರನಡೆದ. ಅದಾಲತ್ತಿನ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಹೈಕೋರ್ಟಿನವರೆಗೂ ಎಳೆಯುತ್ತೇನೆ ಎಂದಿದ್ದ ಹಿರಿಯ ಭಾವ ಸಹಿ ಹಾಕುವಾಗ ಹುಡುಗಿಗೆ ಹೇಳಿದರು: "ನೀ ಓದಿದ್ಯಾ? ಓದಿ ಹಾಕು." ಆಕೆ ಓದಿಯೇ ಹಾಕಿದಳು.

ಮನೆ ಮುರಿಯಿತೇ ಎಂದು ಕೇಳುವವರಿದ್ದಾರೆ. ಎರಡು ವರ್ಷ ಹಬ್ಬದ ಸೀರೆ ಬರಲಿಲ್ಲ. ದೊಡ್ಡವ್ವ ಇವತ್ತಿಗೂ ಮೊದಲಿನಂತೆ ಮಾತಾಡುವುದಿಲ್ಲ. ಅದು ನೋವೇ. ಆದರೆ ಹುಡುಗಿಯ ಮದುವೆಗೆ ದೊಡ್ಡಪ್ಪ ಬಂದರು, ಮುಂದೆಯೇ ನಿಂತರು.

ಆಕೆ ಈಗ ಲೆಕ್ಕಪತ್ರದ ಕೆಲಸದಲ್ಲೇ ಇದ್ದಾಳೆ. ಪ್ರತಿ ಏಪ್ರಿಲ್‌ನಲ್ಲಿ ಟ್ರಸ್ಟಿನ ವರ್ಷದ ಲೆಕ್ಕದ ಪ್ರತಿಗಳು ಸಿದ್ಧವಾಗುತ್ತವೆ. ಒಂದನ್ನು ತಂಗಿ ಅಜ್ಜಿಗೆ ಓದಿ ಹೇಳುತ್ತಾಳೆ, ಒಂದು ಶಹಾಪುರಕ್ಕೆ ಹೋಗುತ್ತದೆ, ಕೇಳುವ ಮೊದಲೇ.

ಓದುವ ಅಕ್ಕತಂಗಿಯರಿಗೆ ಒಂದು ಮಾತು. ನಿಮ್ಮ ಮನೆಯಲ್ಲೂ ಮಿಲ್ಲು, ಮಳಿಗೆ, ಅಡತಿ ಯಾವುದಾದರೂ ಟ್ರಸ್ಟಿನ ಹೆಸರಿನಲ್ಲಿದ್ದು ಅದರಲ್ಲಿ ನಿಮ್ಮ ಹೆಸರಿದ್ದರೆ, ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರದ ನಕಲು ತೆಗೆಸಿರಿ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ಅರ್ಜಿಯನ್ನು ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಕೊಡಬಹುದು.